ಮುಂಗಾಣ್ಕೆಯ ಕಚೇರಿ: ‘ಮೈನಾರಿಟಿ ರಿಪೋರ್ಟ್’ ಕಥನದ ಒಂದು ಓದು

ಬೆಂಗಳೂರಿನ ದಂಡುಪ್ರದೇಶದ ಪುಲಿಕೇಶಿನಗರವು ಬರಲಿರುವ ಕೇಡೊಂದನ್ನು ಮುಂದಾಗಿ ಕಂಡು ಕಟ್ಟಿದ ಬಡಾವಣೆ. 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬಂದ ಪ್ಲೇಗು ಬೆಂಗಳೂರಿನ ಪೇಟೆಯನ್ನೂ ದಂಡನ್ನೂ ತತ್ತರಗೊಳಿಸಿತು. ಆ ರೋಗ ಮತ್ತೆ ಬರುವುದು ನಿಶ್ಚಿತವೆಂದು ತಿಳಿದ ದಂಡಿನ ಆಡಳಿತವು ಜನದಟ್ಟಣೆಯ ಹಳೆಯ ಬಜಾರುಗಳಿಂದ ದೂರದಲ್ಲಿ ಹೊಸ ಬಡಾವಣೆಯೊಂದನ್ನು ಯೋಜಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೋಧಕರಾಗಿದ್ದು, ಬಳಿಕ ಮೈಸೂರಿನ ರೆಸಿಡೆಂಟರಾದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು 1910ರಲ್ಲಿ ಅದಕ್ಕೆ ಇಡಲಾಯಿತು. ಇಲಿ ನುಸುಳಲಾಗದ ಮನೆ, ಗಾಳಿ ಬೆಳಕು ಆಡುವ ಬೀದಿ ಇವು ಆ ಯೋಜನೆಯ ಮುಖ್ಯಾಂಶಗಳು. ದಂಡಿನ ಪುರಸಭೆಯ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಪ್ಲೇಗನ್ನು ತಡೆಯಬಲ್ಲ ನಗರಯೋಜನೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಫ್ರೇಜರ್ ಟೌನ್ ಎಂಬ ಆ ಹೆಸರು ಚಾಲುಕ್ಯ ದೊರೆಯ ಹೆಸರಿಗೆ ಎಡೆಮಾಡಿಕೊಟ್ಟದ್ದು ಬಹುಕಾಲದ ನಂತರ; ಜನರ ಬಾಯಲ್ಲಿ ಹಳೆಯ ಹೆಸರು ಇನ್ನೂ ಅಳಿದಿಲ್ಲ.

ಅದೇ ಭೀತಿಗೆ ಆಳುವವರು ಕಂಡುಕೊಂಡ ಇನ್ನೊಂದು ಪರಿಹಾರವೂ ಇತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಬ್ರಿಟಿಷ್ ಇಂಡಿಯಾದ ಅಧಿಕಾರಿಗಳ ಕೈಗೆ ಅಪಾರವಾದ ಅಧಿಕಾರವನ್ನು ಕೊಟ್ಟಿತು. ರೋಗಿಯನ್ನಷ್ಟೇ ಅಲ್ಲದೆ, ರೋಗಿಯ ಸಂಪರ್ಕಕ್ಕೆ ಬಂದಿದ್ದ ಆರೋಗ್ಯವಂತರನ್ನೂ ಮನೆಯಿಂದ ಎಬ್ಬಿಸಿ ಪ್ರತ್ಯೇಕ ಶಿಬಿರಗಳಿಗೆ ಒಯ್ಯುವುದು ಆ ಕಾಲದ ಪ್ಲೇಗು ನಿಯಮಗಳ ಭಾಗವಾಗಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಇಂತಹ ಕ್ರಮಗಳಿಗೆ ವಿರೋಧ ವ್ಯಕ್ತವಾಗಿ, 1898ರಲ್ಲಿ ಶ್ರೀರಂಗಪಟ್ಟಣದ ಸಮೀಪದ ಗಂಜಾಮಿನಲ್ಲಿ ಗಲಭೆಯಾಯಿತು. ಒಂದು ದಾರಿಯು ಮುಂದೆ ಕೇಡು ನಡೆಯಬಹುದಾದ ಸ್ಥಳವನ್ನು ಬದಲಿಸುತ್ತದೆ. ಇನ್ನೊಂದು ದಾರಿಯು ಮುಂದೆ ಕೇಡು ತರಬಹುದಾದ ಮನುಷ್ಯನನ್ನು ಹಿಡಿದು ಕೂರಿಸುತ್ತದೆ. ಭವಿಷ್ಯವನ್ನು ಕಾಣುವ ಶಕ್ತಿಯನ್ನು ವಸ್ತುವಾಗಿಸಿಕೊಂಡ ವಿಜ್ಞಾನಕಥನಗಳಲ್ಲಿ ಅತ್ಯಂತ ಹೆಚ್ಚು ಚರ್ಚಿತವಾದ ‘ಮೈನಾರಿಟಿ ರಿಪೋರ್ಟ್’ ಈ ಎರಡನೆಯ ದಾರಿಯನ್ನು ಅದರ ಕೊನೆಯ ತುದಿಯವರೆಗೂ ನಡೆದು ನೋಡುವ ಕೃತಿ. ಕನ್ನಡದ ಕಥನಪರಂಪರೆಯ ಹಿನ್ನೆಲೆಯಲ್ಲಿ ಅದನ್ನು ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ ಈ ಸಣ್ಣಕಥೆಯನ್ನು ಪ್ರಕಟಿಸಿದ್ದು 1956ರಲ್ಲಿ. ಸ್ಟೀವನ್ ಸ್ಪಿಲ್‌ಬರ್ಗ್ ಅದನ್ನು ಆಧರಿಸಿ ಮಾಡಿದ ಚಲನಚಿತ್ರ 2002ರ ಜೂನ್ ತಿಂಗಳಲ್ಲಿ ತೆರೆಕಂಡಿತು. ಚಿತ್ರದ ಕಾಲ 2054, ಸ್ಥಳ ವಾಷಿಂಗ್ಟನ್. ನಡೆಯಲಿರುವ ಕೊಲೆಗಳನ್ನು ಮೊದಲೇ ಕಾಣಬಲ್ಲ ಮೂವರನ್ನು ‘ಪ್ರಿಕ್ರೈಮ್’ ಎಂಬ ಪೊಲೀಸ್ ವಿಭಾಗವು ದ್ರವ ತುಂಬಿದ ಕೊಳವೊಂದರಲ್ಲಿ ಅರೆನಿದ್ರೆಯ ಸ್ಥಿತಿಯಲ್ಲಿ ಇರಿಸಿಕೊಂಡಿದೆ. ಅವರ ಕಾಣ್ಕೆಗಳು ಚಿತ್ರತುಣುಕುಗಳಾಗಿ ತೆರೆಯ ಮೇಲೆ ಮೂಡುತ್ತವೆ. ಕೊಲ್ಲಲಿರುವವನ ಮತ್ತು ಕೊಲೆಯಾಗಲಿರುವವನ ಹೆಸರುಗಳನ್ನು ಹೊತ್ತ ಮರದ ಚೆಂಡುಗಳು ಉರುಳಿ ಬರುತ್ತವೆ. ಪೊಲೀಸರು ಧಾವಿಸಿ ಹೋಗಿ, ಇನ್ನೂ ಕೊಲೆಗಾರನಾಗದ ‘ಕೊಲೆಗಾರ’ನನ್ನು ಬಂಧಿಸುತ್ತಾರೆ. ವಿಚಾರಣೆಯೆಂಬುದಿಲ್ಲ. ಆರು ವರ್ಷಗಳಿಂದ ಆ ನಗರದಲ್ಲಿ ಒಂದೂ ಕೊಲೆ ನಡೆದಿಲ್ಲ. ಹೀಗಿರುವಾಗ ವಿಭಾಗದ ಮುಖ್ಯಸ್ಥ ಜಾನ್ ಆಂಡರ್ಟನ್ ಹೆಸರೇ ಒಂದು ಚೆಂಡಿನ ಮೇಲೆ ಮೂಡುತ್ತದೆ. ತಾನು ಕಂಡೇ ಇರದ ಲಿಯೋ ಕ್ರೋ ಎಂಬಾತನನ್ನು ಅವನು ಕೊಲ್ಲಲಿದ್ದಾನೆ. ಬೆನ್ನಟ್ಟುವವನು ಬೆನ್ನಟ್ಟಿಸಿಕೊಳ್ಳುವವನಾಗುವ ಈ ತಿರುವಿನಿಂದ ಸಾಹಸಚಿತ್ರದ ಓಟ ಆರಂಭವಾಗುತ್ತದೆ.

ಓಟ, ಹೊಡೆದಾಟ, ಹಾರಾಟಗಳನ್ನು ಇಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಆರಂಭದ ಒಂದು ಪುಟ್ಟ ಪ್ರಸಂಗ ಇಡೀ ಕೃತಿಯ ತಾತ್ವಿಕ ಬುನಾದಿಯಾಗಿರುವುದರಿಂದ ಅದನ್ನು ಗಮನಿಸಬೇಕು. ವಿಭಾಗವನ್ನು ಪರಿಶೀಲಿಸಲು ಬಂದ ವಿಟ್ವರ್ ಎಂಬ ಅಧಿಕಾರಿಯು ಅಪರಾಧ ಮಾಡದವರನ್ನು ಬಂಧಿಸುವುದರ ಬಗ್ಗೆ ಪ್ರಶ್ನೆ ಎತ್ತುತ್ತಾನೆ. ಆಂಡರ್ಟನ್ ಅವನತ್ತ ಒಂದು ಚೆಂಡನ್ನು ಉರುಳಿಸುತ್ತಾನೆ. ಅದು ಮೇಜಿನ ಅಂಚಿನಿಂದ ಬೀಳುವ ಮುನ್ನ ವಿಟ್ವರ್ ಹಿಡಿಯುತ್ತಾನೆ. ಬೀಳಲಿತ್ತು ಎಂಬ ನಿಶ್ಚಯವಿದ್ದುದರಿಂದಲೇ ಹಿಡಿದೆ, ಹಿಡಿದದ್ದರಿಂದ ಆ ನಿಶ್ಚಯ ಸುಳ್ಳಾಗಲಿಲ್ಲ ಎಂಬುದು ಆಂಡರ್ಟನ್‌ನ ವಾದ. ವಾದ ಮೇಲ್ನೋಟಕ್ಕೆ ಭದ್ರವಾಗಿದೆ. ಆದರೆ ಚೆಂಡಿಗೆ ತನ್ನ ಭವಿಷ್ಯ ತಿಳಿಯದು, ಮನುಷ್ಯನಿಗೆ ತಿಳಿಸಿದರೆ ತಿಳಿಯುತ್ತದೆ. ತಿಳಿದ ಮನುಷ್ಯ ಬೇರೆಯಾಗಿ ನಡೆಯಬಹುದು. ಕಥೆಯ ಉಳಿದ ಭಾಗವೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಹೆಣೆದುಕೊಂಡಿದೆ.

ಮುನ್ನರಿವು ನಿಜವಾಗಿಯೂ ನಿಜವಾದರೆ ಅದನ್ನು ತಪ್ಪಿಸಲಾಗದು. ತಪ್ಪಿಸಲು ಸಾಧ್ಯವಾದರೆ ಅದು ಮುನ್ನರಿವೇ ಅಲ್ಲ. ಈ ತೊಡಕು ಕನ್ನಡದ ಓದುಗರಿಗೆ ಹೊಸದೇನಲ್ಲ. ಪಿ. ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ನಾಟಕದ ಮೂಲಕ ಗ್ರೀಕ್ ದುರಂತದ ಕಣಿಯ ಪರಿಚಯ ಇಲ್ಲಿನ ಪ್ರೇಕ್ಷಕರಿಗೆ ಆಗಿದೆ. ಅದಕ್ಕಿಂತಲೂ ಹಳೆಯದು ಕಂಸನ ಕಥೆ. ಅಶರೀರವಾಣಿಯನ್ನು ಕೇಳಿದ ಕೂಡಲೇ ದೇವಕಿಯನ್ನೂ ವಸುದೇವನನ್ನೂ ಸೆರೆಗೆ ಹಾಕಿ, ಹುಟ್ಟಿದ ಕೂಸುಗಳನ್ನು ಕೊಂದ ಕಂಸನನ್ನು ಪ್ರಿಕ್ರೈಮ್ ವಿಭಾಗದ ಆದ್ಯ ಅಧಿಕಾರಿ ಎನ್ನಲು ಅಡ್ಡಿಯಿಲ್ಲ. ಅವನ ಮಾಹಿತಿ ತಪ್ಪಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಮಾಹಿತಿ ಸರಿಯಾಗಿದ್ದರೂ ಅವನು ಖಳನೇ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಉಪಾಖ್ಯಾನವು ಇದಕ್ಕಿಂತ ಜಟಿಲವಾದುದು. ತಬ್ಬಲಿ ಬಾಲಕನೊಬ್ಬ ಮುಂದೆ ರಾಜ್ಯವಾಳುತ್ತಾನೆಂದು ವಿಪ್ರರು ನುಡಿದಾಗ ಮಂತ್ರಿ ದುಷ್ಟಬುದ್ಧಿಯು ಅವನನ್ನು ಕಟುಕರಿಗೆ ಒಪ್ಪಿಸುತ್ತಾನೆ. ಮರುಕಗೊಂಡ ಕಟುಕರು ಬಾಲಕನ ಕಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ಗುರುತಾಗಿ ತೋರಿಸುತ್ತಾರೆ. ಬೆಳೆದುನಿಂತ ಚಂದ್ರಹಾಸನ ಕೈಯಲ್ಲೇ ಅವನಿಗೆ ವಿಷವುಣಿಸಬೇಕೆಂಬ ಪತ್ರವನ್ನು ಮಂತ್ರಿ ಕಳುಹಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದ ತರುಣನನ್ನು ಕಂಡು ಮೋಹಗೊಂಡ ಮಂತ್ರಿಯ ಮಗಳು ವಿಷಯೆ ಆ ಪತ್ರದ ಅಕ್ಷರವನ್ನು ತಿದ್ದಿ, ವಿಷದ ಜಾಗದಲ್ಲಿ ತನ್ನ ಹೆಸರು ಬರುವಂತೆ ಮಾಡುತ್ತಾಳೆ. ಕೊನೆಗೆ ಚಂದ್ರಹಾಸನಿಗೆ ಒಡ್ಡಿದ ಸಾವು ಮಂತ್ರಿಯ ಮಗ ಮದನನ ಪಾಲಿಗೆ ಬರುತ್ತದೆ. ಈ ಕಥೆಯಲ್ಲಿ ಭವಿಷ್ಯವನ್ನು ನಿಜವಾಗಿಸುವುದು ದೈವವೋ, ಅದನ್ನು ತಡೆಯಹೊರಟವನ ಆತುರವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಮಂತ್ರಿ ಸುಮ್ಮನಿದ್ದಿದ್ದರೆ ಆ ಬಾಲಕ ಕುಳಿಂದನ ಆಶ್ರಯಕ್ಕೆ ಹೋಗುತ್ತಲೂ ಇರಲಿಲ್ಲ, ಮಂತ್ರಿಯ ಅಳಿಯನಾಗುತ್ತಲೂ ಇರಲಿಲ್ಲ.

‘ಮೈನಾರಿಟಿ ರಿಪೋರ್ಟ್’ನಲ್ಲಿಯೂ ಹೀಗೆಯೇ. ತನ್ನ ಹೆಸರನ್ನು ನೋಡಿದ್ದರಿಂದಲೇ ಆಂಡರ್ಟನ್ ಕ್ರೋನನ್ನು ಹುಡುಕಿ ಹೊರಡುತ್ತಾನೆ. ನೋಡದಿದ್ದರೆ ಆ ಕೋಣೆಗೆ ಅವನು ಕಾಲಿಡುತ್ತಿರಲಿಲ್ಲ. ಆದರೆ ಕನ್ನಡದ ಈ ಕಥೆಗಳಿಗೂ ಚಿತ್ರಕ್ಕೂ ಒಂದು ಮೂಲಭೂತ ಅಂತರವಿದೆ. ಕಂಸನಾಗಲಿ ದುಷ್ಟಬುದ್ಧಿಯಾಗಲಿ ಕೇಳುಗರ ಸಹಾನುಭೂತಿಗೆ ಪಾತ್ರರಾಗುವುದಿಲ್ಲ. ಚಿತ್ರವು ತನ್ನ ನಾಯಕನನ್ನೇ ಕಂಸನ ಪೀಠದಲ್ಲಿ ಕೂರಿಸುತ್ತದೆ. ಆರು ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡ ಆಂಡರ್ಟನ್ ಸಜ್ಜನ. ಅವನ ಉದ್ದೇಶ ಜೀವಗಳನ್ನು ಉಳಿಸುವುದು. ಅವನ ವಿಭಾಗದ ಸಾಧನೆಯೂ ಅಲ್ಲಗಳೆಯಲಾಗದ್ದು. ಆದ್ದರಿಂದಲೇ ಪ್ರೇಕ್ಷಕನು ಮೊದಲರ್ಧ ಗಂಟೆಯವರೆಗೆ ಆ ವಿಭಾಗದ ಪರವಾಗಿಯೇ ಇರುತ್ತಾನೆ.

ಭವಿಷ್ಯ ನುಡಿಯುವ ಸಂಪ್ರದಾಯಗಳು ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿವೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಡೆಂಕನಮರಡಿಯಲ್ಲಿ ನಡೆಯುವ ಕಾರ್ಣಿಕ ಅವುಗಳಲ್ಲಿ ಪ್ರಸಿದ್ಧವಾದುದು. ಉಪವಾಸ ವ್ರತದಲ್ಲಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ನುಡಿ. ಅದನ್ನಾಡಿದವನು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಕಾಲದಲ್ಲಿ ಇಂತಹುದೇ ಕಾರ್ಣಿಕವಿದೆ. ನುಡಿಯ ಅರ್ಥವನ್ನು ಗೊರವಯ್ಯ ಬಿಡಿಸಿ ಹೇಳುವುದಿಲ್ಲ. ಮಳೆಬೆಳೆಯ ಲೆಕ್ಕ ಹಾಕುವ ರೈತ, ಧಾರಣೆಯನ್ನು ಲೆಕ್ಕಿಸುವ ವ್ಯಾಪಾರಿ, ಕುರ್ಚಿಯ ಚಿಂತೆಯ ರಾಜಕಾರಣಿ ತಮತಮಗೆ ತೋರಿದಂತೆ ಅರ್ಥೈಸುತ್ತಾ ಊರಿಗೆ ಮರಳುತ್ತಾರೆ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನಗಳಲ್ಲಿಯೂ ಹೀಗೆ ಅರ್ಥದ ಬಾಗಿಲು ತೆರೆದೇ ಇರುತ್ತದೆ. ವೀರವಸಂತರಾಯನ ಆಗಮನವನ್ನು ಸಾರುವ ಕಾಲಜ್ಞಾನಗಳು ಕಲ್ಯಾಣದ ನಾಶದ ನೆನಪನ್ನೂ ನ್ಯಾಯದ ರಾಜ್ಯದ ನಿರೀಕ್ಷೆಯನ್ನೂ ಒಟ್ಟಿಗೆ ಹೊತ್ತಿವೆ. ಕೆಲವಂತೂ ನಡೆದುಹೋದುದನ್ನೇ ನಡೆಯಲಿರುವುದೆಂದು ನುಡಿದ ರಚನೆಗಳು.

ಕಾರ್ಣಿಕದ ನುಡಿಯಿಂದ ಯಾರನ್ನೂ ಬಂಧಿಸಲು ಬಾರದು. ಅದರಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಗಂಟೆ ನಿಮಿಷಗಳ ಲೆಕ್ಕವಿಲ್ಲ. ಚಿತ್ರದಲ್ಲಿ ಮುಂಗಾಣುವ ಮೂವರಿರುವ ಕೊಠಡಿಯನ್ನು ಸಿಬ್ಬಂದಿ ‘ದೇವಾಲಯ’ವೆಂದು ಕರೆಯುತ್ತಾರೆ. ಆದರೆ ಅಲ್ಲಿ ನಡೆಯುವುದು ಕಾರ್ಣಿಕವಲ್ಲ, ಕಡತ ವಿಲೇವಾರಿ. ಮೂವರ ತಲೆಗೆ ತಂತಿಗಳನ್ನು ಜೋಡಿಸಲಾಗಿದೆ, ಕಾಣ್ಕೆಗೆ ಕ್ರಮಸಂಖ್ಯೆ ಬೀಳುತ್ತದೆ, ದೂರದಿಂದ ನೋಡುತ್ತಿರುವ ಅಧಿಕಾರಿಗಳು ಸಾಕ್ಷಿಗಳೆನಿಸಿಕೊಳ್ಳುತ್ತಾರೆ. ಕೃತಿಯನ್ನು ವಿಜ್ಞಾನಕಥನವನ್ನಾಗಿಸುವುದು ಮುಂಗಾಣುವ ಶಕ್ತಿಯಲ್ಲ, ಅದು ಪುರಾಣದಷ್ಟೇ ಹಳೆಯದು. ಆ ಶಕ್ತಿಗೆ ಒಂದು ಕಚೇರಿಯನ್ನು ಕಟ್ಟಿದ್ದೇ ಹೊಸದು. ಕಚೇರಿ ಎಂದ ಮೇಲೆ ಅಲ್ಲಿ ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂಬ ನಿಯಮಗಳು ಇರಲೇಬೇಕು.

ಕೃತಿಯ ಹೆಸರಿನ ಮರ್ಮ ಇರುವುದೂ ಇಲ್ಲಿಯೇ. ಮೂವರ ಕಾಣ್ಕೆಗಳು ಯಾವಾಗಲೂ ಒಂದೇ ಆಗಿರುವುದಿಲ್ಲ. ಇಬ್ಬರು ಒಂದನ್ನು ಕಂಡು ಮೂರನೆಯವರು ಇನ್ನೊಂದನ್ನು ಕಂಡರೆ ಆ ಮೂರನೆಯದು ಅಲ್ಪಮತದ ವರದಿ. ಚಿತ್ರದಲ್ಲಿ ಅಂಥವನ್ನು ದಾಖಲೆಗಳಿಂದ ಅಳಿಸಿಹಾಕುವುದು ವಿಭಾಗದ ಪದ್ಧತಿ. ಸಂಶಯದ ಒಂದೆಳೆ ಉಳಿದರೂ ಜನರ ನಂಬಿಕೆ ಕುಸಿಯುತ್ತದೆಂಬುದು ಕಾರಣ. ಇನ್ನೊಂದು ಬಗೆಯ ಅಳಿಸುವಿಕೆಯೂ ಇದೆ. ಒಮ್ಮೆ ಕಂಡ ಕೊಲೆಯೇ ಮತ್ತೆ ಮತ್ತೆ ಮೂಡಿದರೆ ಅದನ್ನು ‘ಪ್ರತಿಧ್ವನಿ’ ಎಂದು ತಂತ್ರಜ್ಞರು ತೆಗೆದುಹಾಕುತ್ತಾರೆ. ವಿಭಾಗದ ಸ್ಥಾಪಕ ಲಾಮಾರ್ ಬರ್ಜೆಸ್ ಇದನ್ನೇ ಬಳಸಿಕೊಳ್ಳುತ್ತಾನೆ. ಮೂವರಲ್ಲಿ ಅತ್ಯಂತ ಸಮರ್ಥಳಾದ ಅಗಾಥಾಳ ತಾಯಿ ಆನ್ ಲೈವ್ಲಿ ಮಗಳನ್ನು ಮರಳಿ ಕೇಳಿದಾಗ, ಮೊದಲು ಒಬ್ಬನಿಂದ ಕೊಲೆಯತ್ನ ಮಾಡಿಸಿ ಪೊಲೀಸರು ಅದನ್ನು ತಡೆಯುವಂತೆ ನೋಡಿಕೊಳ್ಳುತ್ತಾನೆ. ಅವರು ಹೋದ ಮೇಲೆ ಅದೇ ರೀತಿಯಲ್ಲಿ ತಾನೇ ಕೊಲ್ಲುತ್ತಾನೆ. ನಿಜವಾದ ಕೊಲೆಯ ಕಾಣ್ಕೆ ಪ್ರತಿಧ್ವನಿಯೆಂದು ಅಳಿಸಿಹೋಗುತ್ತದೆ. ವಿಷಯೆ ಬರಹವನ್ನು ತಿದ್ದಿ ಜೀವವನ್ನು ಉಳಿಸಿದಳು, ಬರ್ಜೆಸ್ ದಾಖಲೆಯನ್ನು ತಿದ್ದಿಸಿ ಜೀವವನ್ನು ತೆಗೆದ. ಎರಡೂ ಕಡೆ ಭವಿಷ್ಯವು ನಿಂತಿರುವುದು ಬರಹದ ಮೇಲೆ.

ನ್ಯಾಯಾಂಗದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯಿದೆ. ಅಲ್ಲಿ ಅಲ್ಪಮತದ ತೀರ್ಪನ್ನು ಅಳಿಸುವುದಿಲ್ಲ, ಬಹುಮತದ ತೀರ್ಪಿನ ಜೊತೆಯಲ್ಲೇ ಪ್ರಕಟಿಸುತ್ತಾರೆ. ಭಾರತದಲ್ಲಿ ಈ ಪದ್ಧತಿಯ ಮಹತ್ವವು ಸ್ಪಷ್ಟವಾಗಿ ಕಂಡದ್ದು ಮುಂಜಾಗ್ರತಾ ಬಂಧನದ ಮೊಕದ್ದಮೆಗಳಲ್ಲಿಯೇ ಎಂಬುದು ಉಲ್ಲೇಖನೀಯ. ಮುಂದೆ ಮಾಡಬಹುದಾದ ಕೃತ್ಯಕ್ಕಾಗಿ ವ್ಯಕ್ತಿಯನ್ನು ಸೆರೆಯಲ್ಲಿಡುವ ಅವಕಾಶವನ್ನು ಸಂವಿಧಾನದ 22ನೆಯ ವಿಧಿಯೇ ಕೆಲವು ಕಟ್ಟುಪಾಡುಗಳೊಡನೆ ಒಪ್ಪಿಕೊಂಡಿದೆ. 1950ರಲ್ಲಿ ಹೀಗೆ ಬಂಧಿತರಾಗಿದ್ದ, ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾದ ಎ. ಕೆ. ಗೋಪಾಲನ್ ಅವರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯದ ಬಹುಮತವು ತಳ್ಳಿಹಾಕಿದಾಗ ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. 1976ರಲ್ಲಿ, ತುರ್ತುಪರಿಸ್ಥಿತಿಯ ಬಂಧನಗಳನ್ನು ಪ್ರಶ್ನಿಸಿದ ಜಬಲ್ಪುರ ಪ್ರಕರಣದಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಬೇರೆಯಾಗಿ ನಿಂತರು. ಫಜಲ್ ಅಲಿಯವರ ನಿಲುವಿನ ಮುಖ್ಯಾಂಶಗಳು ಎಪ್ಪತ್ತರ ದಶಕದಲ್ಲಿ ನ್ಯಾಯಾಲಯದ ನಿಲುವೇ ಆದವು. ಜಬಲ್ಪುರದ ಬಹುಮತದ ತೀರ್ಪನ್ನು 2017ರಲ್ಲಿ ಸ್ಪಷ್ಟವಾಗಿ ರದ್ದುಪಡಿಸಲಾಯಿತು. ಆ ಖಾಸಗಿತನದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅಲ್ಪಮತದ ವರದಿಗಳನ್ನು ಅಂದು ಅಳಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಅಪರಾಧಕ್ಕೆ ಮೊದಲೇ ಅಪರಾಧಿಯನ್ನು ಗುರುತಿಸುವ ಕಚೇರಿ ಈ ನಾಡಿನಲ್ಲಿ ಕಲ್ಪನೆಯಷ್ಟೇ ಆಗಿರಲಿಲ್ಲ. 1871ರಲ್ಲಿ ಜಾರಿಗೆ ಬಂದು 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತಾರಗೊಂಡ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಕೆಲವು ಸಮುದಾಯಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧ ಮಾಡಲಿರುವವರೆಂದು ಪಟ್ಟಿಮಾಡಿತು. ಹೆಸರು ನೋಂದಣಿ, ಬೆರಳಚ್ಚು, ಠಾಣೆಯಲ್ಲಿ ಹಾಜರಿ, ತಂತಿಬೇಲಿಯ ಒಳಗಿನ ವಸಾಹತು ಇವೆಲ್ಲ ಅದರ ಅಂಗಗಳು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಒಂದು ಬಡಾವಣೆಯ ಗುರುತಾಗಿ ಉಳಿದಿದೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಡಿಕ್‌ನ ಮುಂಗಾಣುವವರು ಒಬ್ಬೊಬ್ಬ ವ್ಯಕ್ತಿಯ ಒಂದೊಂದು ಕೃತ್ಯವನ್ನು ಕಾಣುತ್ತಾರೆ. ಈ ಕಾಯ್ದೆಗೆ ಅಷ್ಟು ವಿವರವೂ ಬೇಕಿರಲಿಲ್ಲ, ಹುಟ್ಟೊಂದೇ ಸಾಕಾಗಿತ್ತು. ಆ ದೃಷ್ಟಿಯಿಂದ ವಿಜ್ಞಾನಕಥನವು ಇತಿಹಾಸಕ್ಕಿಂತ ಉದಾರವಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಕಚೇರಿ ಗಣಕದ ರೂಪದಲ್ಲಿ ಮರಳಿದೆ. ಷಿಕಾಗೊ ಪೊಲೀಸರು ಗುಂಡೇಟಿನ ಪ್ರಕರಣಗಳಲ್ಲಿ ಸಿಲುಕುವ ಸಾಧ್ಯತೆಗೆ ಅನುಗುಣವಾಗಿ ವ್ಯಕ್ತಿಗಳಿಗೆ ಅಂಕ ನೀಡುವ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದರು. 2019ರಲ್ಲಿ ಅದನ್ನು ಕೈಬಿಟ್ಟರು. ಲಾಸ್ ಏಂಜಲೀಸ್ ಪೊಲೀಸರು ವ್ಯಕ್ತಿಯ ಬದಲು ಸ್ಥಳವನ್ನು ಗುರುತಿಸುವ ತಂತ್ರಾಂಶವನ್ನು ಬಳಸಿ 2020ರಲ್ಲಿ ನಿಲ್ಲಿಸಿದರು. ಸ್ಥಳವನ್ನು ನೋಡುವುದು ಮನುಷ್ಯನನ್ನು ಹಿಡಿಯುವುದಕ್ಕಿಂತ ಮೇಲೆಂದು ತೋರಿದರೂ ಅಲ್ಲಿಯೂ ತೊಡಕಿದೆ. ಹಳೆಯ ದಾಖಲೆ ಹೆಚ್ಚಿರುವ ಕೇರಿಗೆ ಹೆಚ್ಚು ಪೊಲೀಸರು ಹೋಗುತ್ತಾರೆ, ಹೋದಲ್ಲಿ ಹೆಚ್ಚು ಪ್ರಕರಣಗಳು ದಾಖಲಾಗುತ್ತವೆ, ಆ ದಾಖಲೆ ಮತ್ತೆ ಅದೇ ಕೇರಿಯನ್ನು ತೋರಿಸುತ್ತದೆ. ಇಲಿಗೆ ಬಾಗಿಲು ಮುಚ್ಚಲು ಮನೆ ಕಟ್ಟಿದಂತಲ್ಲ ಇದು, ಬೀದಿಯನ್ನೇ ಶಂಕಿತರ ಪಟ್ಟಿಗೆ ಸೇರಿಸಿದಂತೆ. ಬೆಂಗಳೂರಿನಲ್ಲಿಯೂ ‘ಸೇಫ್ ಸಿಟಿ’ ಯೋಜನೆಯಡಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸಿ, ಅವುಗಳ ನಿಯಂತ್ರಣ ಕೇಂದ್ರವನ್ನು 2023ರ ಮಾರ್ಚ್‌ನಲ್ಲಿ ಉದ್ಘಾಟಿಸಲಾಯಿತು. ‘ಗೂಂಡಾ ಕಾಯ್ದೆ’ಯೆಂದು ಜನಜನಿತವಾದ 1985ರ ಕರ್ನಾಟಕದ ಶಾಸನವಂತೂ ಮುಂಜಾಗ್ರತಾ ಬಂಧನಕ್ಕೆಂದೇ ಇರುವುದು. ಇವು ಪ್ರಿಕ್ರೈಮ್ ಅಲ್ಲ. ಸಲಹಾ ಮಂಡಳಿಯ ಪರಿಶೀಲನೆ, ನ್ಯಾಯಾಲಯದ ಮೊರೆ ಇಲ್ಲಿ ಉಂಟು. ಆದರೆ ಪಟ್ಟಿ, ಕಣ್ಣು ಮತ್ತು ಬಂಧನ ಎಂಬ ಮೂರೂ ಒಂದೇ ಕಡೆ ಕೂಡಿದಾಗ ಆಗುವುದೇನೆಂಬ ಚಿತ್ರದ ಪ್ರಶ್ನೆ ದೂರದ ವಾಷಿಂಗ್ಟನ್ನಿಗೆ ಸೀಮಿತವಾದುದಲ್ಲ.

ಕನ್ನಡ ಚಲನಚಿತ್ರವು ಈ ಪ್ರಶ್ನೆಯನ್ನು ಇನ್ನೂ ನೇರವಾಗಿ ಎತ್ತಿಕೊಂಡಿಲ್ಲ. ಶ್ರೀನಿಧಿ ಬೆಂಗಳೂರು ನಿರ್ದೇಶಿಸಿ 2024ರಲ್ಲಿ ತೆರೆಕಂಡ ‘ಬ್ಲಿಂಕ್’ ಕಾಲಯಾನವನ್ನು ಚೆನ್ನಾಗಿ ಬಳಸಿಕೊಂಡ ಚಿತ್ರ. ಅಲ್ಲಿ ಕಾಲದ ಗೋಜಲು ಒಬ್ಬ ತರುಣನ, ಅವನ ಮನೆಯವರ ಸಂಕಟ, ಸರ್ಕಾರದ ಕಡತವಲ್ಲ. ಕಣಿ, ಕರ್ಮ, ಹುಟ್ಟುಗಳ ಕಥನಗಳಲ್ಲಿ ಬೆಳೆದ ಕಲ್ಪನೆಗೆ ಇದು ಸಹಜವೇ.

‘ಮೈನಾರಿಟಿ ರಿಪೋರ್ಟ್’ನ ಅತ್ಯಂತ ಸುಂದರವಾದ ಭಾಗ ಅದರ ಯಾವ ಯಂತ್ರದಲ್ಲಿಯೂ ಇಲ್ಲ. ಕೊಳದಿಂದ ಎತ್ತಿ ತಂದ ಅಗಾಥಾಳನ್ನು ಹಿಡಿದುಕೊಂಡು ಆಂಡರ್ಟನ್ ಅಂಗಡಿಗಳ ಸಂಕೀರ್ಣವೊಂದರಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾನೆ. ಅವಳಿಗೆ ನಿಲ್ಲುವ ತ್ರಾಣವೂ ಇಲ್ಲ. ಛತ್ರಿ ತೆಗೆದುಕೊ ಎನ್ನುತ್ತಾಳೆ, ಹೊರಗೆ ಮಳೆ. ಇಲ್ಲೇ ನಿಲ್ಲು ಎನ್ನುತ್ತಾಳೆ; ಬಲೂನು ಮಾರುವವನು ಅಡ್ಡ ಬಂದು ಪೊಲೀಸರಿಗೆ ಅವರು ಕಾಣದಂತಾಗುತ್ತದೆ. ಭಿಕ್ಷುಕನಿಗೆ ಚಿಲ್ಲರೆ ಹಾಕು ಎನ್ನುತ್ತಾಳೆ. ಅವನು ಅದನ್ನು ಆಯಲು ಬಾಗಿದಾಗ ಬೆನ್ನಟ್ಟಿದವರು ಮುಗ್ಗರಿಸುತ್ತಾರೆ. ಎದುರಾದ ಅಪರಿಚಿತ ಹೆಂಗಸೊಬ್ಬಳಿಗೆ, ಗಂಡನಿಗೆ ವಿಷಯ ಗೊತ್ತಾಗಿದೆ, ಮನೆಗೆ ಹೋಗಬೇಡವೆಂದು ಎಚ್ಚರಿಸುತ್ತಾಳೆ. ಮುಂಗಾಣ್ಕೆಯು ಕಚೇರಿಯ ಕೈಯಿಂದ ಬಿಡುಗಡೆಗೊಂಡ ಈ ಕೆಲವು ನಿಮಿಷಗಳಲ್ಲಿ ಅದು ಯಾರನ್ನೂ ಹಿಡಿಯುವುದಿಲ್ಲ. ಕೇಡಿನ ದಾರಿಯಲ್ಲಿರುವವರಿಗೆ ಮೊದಲೇ ಹೇಳುತ್ತದೆ, ಅಷ್ಟೆ.

ಚಿತ್ರದ ಮುಕ್ತಾಯವು ಪ್ರೇಕ್ಷಕರಿಗೆ ಸಮಾಧಾನ ಕೊಡುವಂಥದು. ಕ್ರೋನ ಎದುರಿಗೆ ನಿಂತ ಆಂಡರ್ಟನ್ ಗುಂಡು ಹಾರಿಸದಿರಲು ನಿರ್ಧರಿಸುತ್ತಾನೆ. ಆದರೂ ಕ್ರೋ ತಾನಾಗಿಯೇ ಬಂದೂಕನ್ನು ಎಳೆದುಕೊಂಡು ಸಾಯುತ್ತಾನೆ. ಕೊನೆಯಲ್ಲಿ ಬರ್ಜೆಸ್ ಇಕ್ಕಟ್ಟಿಗೆ ಸಿಲುಕುತ್ತಾನೆ. ಆಂಡರ್ಟನ್‌ನನ್ನು ಕೊಂದರೆ ವಿಭಾಗದ ಕಾಣ್ಕೆ ನಿಜವಾಗಿ ತಾನು ಅಪರಾಧಿಯಾಗುತ್ತಾನೆ. ಕೊಲ್ಲದಿದ್ದರೆ ತಾನು ಕಟ್ಟಿದ ವಿಭಾಗವೇ ಸುಳ್ಳಾಗುತ್ತದೆ. ಅವನು ತನಗೇ ಗುಂಡಿಟ್ಟುಕೊಳ್ಳುತ್ತಾನೆ. ವಿಭಾಗ ಮುಚ್ಚುತ್ತದೆ, ಬಂಧಿತರ ಬಿಡುಗಡೆಯಾಗುತ್ತದೆ. ಡಿಕ್‌ನ ಮೂಲಕಥೆ ಇಷ್ಟು ಕರುಣೆಯುಳ್ಳದ್ದಲ್ಲ. ಅಲ್ಲಿನ ಆಂಡರ್ಟನ್ ಬೋಳುತಲೆಯ, ಬೊಜ್ಜು ಬಂದ, ಕುರ್ಚಿ ಕಳೆದುಕೊಳ್ಳುವ ಭಯದ ಮುದಿ ಅಧಿಕಾರಿ. ವಿಭಾಗವನ್ನು ಕಟ್ಟಿದವನೂ ಅವನೇ. ಮೂರು ವರದಿಗಳನ್ನೂ ಪರಿಶೀಲಿಸಿದಾಗ ಅಲ್ಲಿ ಬಹುಮತವೇ ಇರಲಿಲ್ಲವೆಂಬುದು ಅವನಿಗೆ ತಿಳಿಯುತ್ತದೆ. ಒಂದೊಂದು ವರದಿಯೂ ಹಿಂದಿನ ವರದಿಯನ್ನು ಅವನು ತಿಳಿದ ಮೇಲೆ ಬದಲಾದ ಬೇರೊಂದು ಭವಿಷ್ಯವನ್ನು ಹೇಳುತ್ತಿತ್ತು. ಮೂರೂ ಅಲ್ಪಮತದ ವರದಿಗಳೇ. ಹಾಗಿದ್ದೂ ವಿಭಾಗದ ಹೆಸರನ್ನು ಉಳಿಸುವುದಕ್ಕಾಗಿ ಅವನು ನಿವೃತ್ತ ಸೇನಾಧಿಕಾರಿ ಕಪ್ಲಾನ್‌ನನ್ನು ಎಲ್ಲರೆದುರು ಕೊಲ್ಲುತ್ತಾನೆ. ಶಿಕ್ಷೆಯಾಗಿ ಹೆಂಡತಿಯೊಡನೆ ದೂರದ ಗ್ರಹವೊಂದಕ್ಕೆ ಹೊರಡುವಾಗ ತನ್ನ ಸ್ಥಾನಕ್ಕೆ ಬಂದ ವಿಟ್ವರ್‌ಗೆ ಎಚ್ಚರದಿಂದಿರಲು ಹೇಳುತ್ತಾನೆ. ವರದಿಗಳನ್ನು ಮೊದಲು ಓದುವ ಅವಕಾಶವಿರುವುದು ಆ ಕುರ್ಚಿಯಲ್ಲಿ ಕೂತವನಿಗೆ ಮಾತ್ರ. ಆದ್ದರಿಂದ ಇಂತಹ ತೊಡಕು ಮುಂದೆ ಬರುವುದಿದ್ದರೆ ಅವನಿಗೇ ಬರಬಹುದು.